ಗವಂತಿಯಲ್ಲಿ ಒಂದು ಬೇವಿನ ಗಿಡ

ಮಷಿನ್ನಿನಲ್ಲಿ ತಾಸೊಂದರಲ್ಲಿ ಮುಗಿಯುವ ಕೆಲಸಕ್ಕೆ ಯಾಕೆ ಕಣ್ಣು ಕಳಕೊಳ್ಳುತ್ತೀರಿ ಎಂದು ಕಸೂತಿ ಹಾಕುವ ನಮ್ಮನ್ನು ಕೇಳದವರಿಲ್ಲ. ಹವ್ಯಾಸ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಹವ್ಯಾಸವನ್ನು ಬೇಕಾದಾಗ ಬಿಟ್ಟಿರಬಹುದು, ಇದನ್ನು ಬಿಟ್ಟು ಇರಲು ನನಗಾಗುವುದಿಲ್ಲ.

ಹುಬ್ಬಳ್ಳಿ–ಧಾರವಾಡ ರಸ್ತೆ ಅಗಲವಾಗುವಾಗ ದಾರಿಬದಿಯ ಗಿಡಗಳು ಹೋದವು. 2018ರಲ್ಲಿ ಚಿಗರಿ ಬಸ್ಸುಗಳು, ಅಂದರೆ ತಮ್ಮದೇ ಬೇರೆ ಹಾದಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸುಗಳು, ಓಡತೊಡಗಿದವು. ನಾನೂ ಅದರಲ್ಲೇ ಓಡಾಡುತ್ತೇನೆ, ಅನುಕೂಲ ಆಗಿದೆ. ಆದರೂ ನವಲೂರು ಬಂತೆಂದರೆ ಕಣ್ಣು ಕಿಟಕಿಯಾಚೆ ಒಂದು ಬೇವಿನ ಗಿಡ ಹುಡುಕುತ್ತಿತ್ತು. ಮನೆಯಲ್ಲಿ ಹೇಳಿದೆ. "ಹೌದು, ಭಾಳ ಗಿಡ ಹೋದುವು" ಅಂದರು. ಮಾತು ಅಲ್ಲಿಗೆ ಮುಗಿಯಿತು, ನನ್ನೊಳಗೆ ಮುಗಿಯಲಿಲ್ಲ. ಆ ಗಿಡ ಹೇಗೆ ನಿಂತಿತ್ತು, ಅದರ ಒಂದು ಟೊಂಗೆ ರಸ್ತೆಯ ಕಡೆ ಹೇಗೆ ವಾಲಿತ್ತು ಎಂಬುದನ್ನು ಹೇಳಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ಸೀರೆಯ ಮೇಲೆ ಹೊಲಿಯಲು ಕೂತೆ.

ಗವಂತಿ, ಮುರ್ಗಿ, ನೇಗಿ, ಮೆಂಥಿ: ಕಸೂತಿಗೆ ಇರುವುದು ಈ ನಾಲ್ಕೇ ಹೊಲಿಗೆ. ಗಿಡಕ್ಕೆ ಗವಂತಿ ಆರಿಸಿಕೊಂಡೆ. ಇಳಕಲ್ ಸೀರೆಯ ಎಳೆ ತೀರ ಸಣ್ಣದು. ಹಾಗಾಗಿ ಸೆರಗಿನ ಹತ್ತಿರ ಮ್ಯಾಟಿ ಎಂಬ ದಪ್ಪ ಎಳೆಯ ಬಟ್ಟೆ ಇಟ್ಟು, ಕಚ್ಚಾ ಹೊಲಿಗೆ ಹಾಕಿ, ಅದರ ಮನೆಗಳನ್ನು, ಅಂದರೆ ಎಳೆಗಳ ಚೌಕಗಳನ್ನು, ಎಣಿಸಿದೆ. ಕೆಲಸ ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆದರಾಯಿತು. ಗವಂತಿಯಲ್ಲಿ ದಾರ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಹೋಗುತ್ತದೆ. ಬರುವಾಗ ಬಿಟ್ಟ ಜಾಗ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ, ನಕ್ಷೆ ಬರೆದುಕೊಳ್ಳುವಂತಿಲ್ಲ. ಬುಡದಿಂದ ಹೊರಟ ದಾರ ಪ್ರತಿ ಟೊಂಗೆಯ ತುದಿ ಮುಟ್ಟಿ ಅದೇ ಹಾದಿಯಲ್ಲಿ ಬುಡಕ್ಕೆ ಮರಳಬೇಕು. ಯಾವ ಟೊಂಗೆಗೆ ಯಾವಾಗ ಹೊರಳಬೇಕೆಂಬುದು ಮೊದಲೇ ತಲೆಯಲ್ಲಿರಬೇಕು.

ವಾಲಿದ ಟೊಂಗೆ ಮುಗಿಸಿದಾಗ ಅದರ ಕೆಳಗಿನ ಖಾಲಿ ಜಾಗ ಕಂಡಿತು. ಅಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳು ನೆನಪಾದರು. ಸೂಜಿ ಹಿಡಿಯುವ ಮೊದಲು ಅವರು ನನ್ನ ಮನಸ್ಸಿನಲ್ಲೇ ಇರಲಿಲ್ಲ. ಅವರ ಬುಟ್ಟಿಯನ್ನೂ ಟೊಂಗೆಯ ಕೆಳಗೆ ನೆಲದ ಮೇಲೆ ಹಾಕಿದೆ. ಏನು ಹೇಳಬೇಕೆಂದು ಗೊತ್ತಿದ್ದು ಹೊಲಿಯುತ್ತೇವೆಂದು ಜನ ತಿಳಿಯುತ್ತಾರೆ. ನನಗಂತೂ ಹೊಲಿಯುತ್ತ ಹೋದಾಗಲೇ ಅದು ತಿಳಿಯುವುದು.

ಗವಂತಿಯಲ್ಲಿ ಸೀರೆಯ ಒಳಮೈಗೂ ಅದೇ ಚಿತ್ರ ಬರುತ್ತದೆ, ಉಟ್ಟವಳೊಬ್ಬಳಿಗೇ ಕಾಣುವಂತೆ. ಕಲೆ ತನಗಾಗಿ ಮಾತ್ರ ಎನ್ನುವವರಿಗೆ ಅಷ್ಟು ಸಾಕಾದೀತು. ನನಗೆ ಸಾಕಾಗಲಿಲ್ಲ. ನಮ್ಮ ಹಿರಿಯರು ಕರೀ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತೊಟ್ಟಿಲು, ತುಳಸಿ ಕಟ್ಟೆ ಹಾಕಿದರು. ದೊಡ್ಡ ಚಿತ್ರಗಳೆಲ್ಲ ಸೆರಗಿನ ಹತ್ತಿರ, ನಾಲ್ಕು ಮಂದಿಗೆ ಕಾಣುವಲ್ಲಿ.

ಮದುವೆಯೊಂದಕ್ಕೆ ಆ ಸೀರೆ ಉಟ್ಟು ಹೋಗಿದ್ದೆ. ಗುರುತಿಲ್ಲದ ಅಜ್ಜಿಯೊಬ್ಬರು ಸೆರಗು ಹಿಡಿದು ಬೆರಳಾಡಿಸಿದರು. "ಬುಟ್ಟಿ ಹಿಂಗ ನೆಲಕ್ಕ ಇಡ್ತಿದ್ದಿಲ್ಲವಾ. ತೊಡಿ ಮ್ಯಾಲ ಇಟ್ಕೊಂಡು ಕೂಡ್ತಿದ್ವಿ. ದನ ಬಂದು ಬಾಯಿ ಹಾಕ್ತಿದ್ವು." ಚೆಂದ ಆಗಿದೆ ಎಂದು ಅವರು ಅನ್ನಲಿಲ್ಲ. ನನಗೆ ಆ ದಿನ ಸಿಕ್ಕ ಸಂತೋಷ ಯಾವ ಹೊಗಳಿಕೆಯಿಂದಲೂ ಸಿಕ್ಕಿಲ್ಲ. ನಾನು ಹೇಳಿದ್ದನ್ನು ಅವರು ಓದಿದ್ದರು, ತಮ್ಮದನ್ನೂ ಸೇರಿಸಿದ್ದರು.

ಈಗ ಗಿಡದ ಮಗ್ಗುಲಿಗೆ ಚಿಗರಿ ಬಸ್ಸು ಹಾಕುತ್ತಿದ್ದೇನೆ. ಕಸೂತಿಯಲ್ಲಿ ದುಂಡು ಗೆರೆ ಇಲ್ಲ; ನೆಟ್ಟಗೆ, ಅಡ್ಡ, ಓರೆ ಅಷ್ಟೇ. ಗಾಲಿಯನ್ನು ಮುರ್ಗಿಯ ಮೆಟ್ಟಿಲುಗಳಲ್ಲೇ ದುಂಡಗೆ ಕಾಣಿಸಬೇಕು.