ಎಷ್ಟು ಬ್ಯಾಗ್ ಬರೆಯಲಿ?

ಕಿಡ್ನಿ ಕೆಟ್ಟವರ ಹೊಟ್ಟೆ ಡಯಾಲಿಸಿಸ್‌ಗೆ ಮೊದಲೆಲ್ಲ ನಾನು ಬರೆಯುತ್ತಿದ್ದ ಚೀಟಿ ಎಲ್ಲರಿಗೂ ಒಂದೇ. ಹೊಟ್ಟೆಗೆ ತುಂಬಿಸಿ ಕೆಲವು ಗಂಟೆಗಳ ನಂತರ ಹೊರತೆಗೆಯುವ ಸಕ್ಕರೆ ದ್ರಾವಣದ ಎರಡು ಲೀಟರ್ ಬ್ಯಾಗ್, ದಿನಕ್ಕೆ ನಾಲ್ಕು ಸಲ. ಆ ಅಭ್ಯಾಸ ಬಿಡಿಸಿದವರು ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರು.

ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆಂದು ಪೇಟೆಗೆ ಓಡಾಡುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆ ಡಯಾಲಿಸಿಸ್ ಬೇಕೆಂದರು. ಎರಡು ತಿಂಗಳ ಮೇಲೆ ಬಂದಾಗ ಅವರ ಹೆಂಡತಿ, "ಡಾಕ್ಟ್ರೇ, ಇವ್ರು ಮಧ್ಯಾಹ್ನದ ಬ್ಯಾಗ್ ಹಾಕ್ಕೊಳ್ಳೋದೇ ಇಲ್ಲ, ತೋಟಕ್ಕೆ ಹೋಗ್ಬಿಡ್ತಾರೆ" ಎಂದರು. ಬೆಳೆಗಾರರು ತಲೆ ತಗ್ಗಿಸಿ ಕೂತರು. ಆದರೆ ಕಾಲಲ್ಲಿ ಊತವಿಲ್ಲ, ಊಟ ಸೇರುತ್ತಿದೆ, ರಕ್ತದ ರಿಪೋರ್ಟೂ ಚೆನ್ನಾಗಿದೆ. 24 ಗಂಟೆಯ ಮೂತ್ರ ಹಿಡಿದು ತರಲು ಹೇಳಿದೆ. 900 ಮಿಲಿ! ಅಂದರೆ ಅವರ ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದೆ. ಬ್ಯಾಗ್ ಬರೆಯುವ ಮೊದಲೇ ಅದನ್ನು ಅಳೆಯಬೇಕಿತ್ತು. ನಾನು ಅಳೆದಿರಲಿಲ್ಲ.

ಮೂರೇ ಬ್ಯಾಗ್ ಸಾಕು ಎಂದೆ. ಮೂತ್ರ ಕಡಿಮೆಯಾದರೆ ಮತ್ತೆ ಹೆಚ್ಚಿಸಬೇಕಾಗುತ್ತದೆ ಎಂದು ಅವತ್ತೇ ಹೇಳಿಟ್ಟೆ. ಈ ಮಾತು ಮುಖ್ಯ. ಇಲ್ಲದಿದ್ದರೆ ಮುಂದೆ ಬ್ಯಾಗ್ ಜಾಸ್ತಿಯಾದಾಗ ಕಾಯಿಲೆ ಕೈಮೀರಿತು ಅಂತ ಹೆದರುತ್ತಾರೆ.

ರಕ್ತದ ಕಸ ಎಷ್ಟು ಹೊರಹೋಯಿತು ಎಂದು ಹೇಳುವ ಅಂಕಿ, ವಾರದ ಕೆಟಿ/ವಿ, 1.7 ಮುಟ್ಟಿತೇ ಎಂಬುದೊಂದನ್ನೇ ನಾವು ನೋಡುತ್ತಿದ್ದ ಕಾಲವಿತ್ತು. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಆ ಒಂದೇ ಅಂಕಿಗೆ ಜೋತು ಬೀಳಬೇಡಿ, ರೋಗಿಯ ಬದುಕನ್ನೂ ನೋಡಿ ಎಂದಿತು. ನನಗೆ ತುಂಬಾ ಸಮಾಧಾನವಾಯಿತು.

ಈಗ ಉಳಿದಿರುವ ಮೂತ್ರವನ್ನು ಕಾಪಾಡುವುದೂ ನನ್ನ ಚೀಟಿಯ ಭಾಗ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ, ಉಳಿದ ಕಿಡ್ನಿಗೂ ಪೆಟ್ಟು ಬೀಳಬಹುದು ಎಂದು ಪ್ರತಿ ಸಲ ಹೇಳುತ್ತೇನೆ. ಊತ ಬಂದರೆ ಶೇಕಡಾ 1.5ರ ಸಕ್ಕರೆ ದ್ರಾವಣ ಬಿಟ್ಟು ತಕ್ಷಣ, ಮೈಯಿಂದ ಹೆಚ್ಚು ನೀರೆಳೆಯುವ 2.5ರದ್ದಕ್ಕೆ ಹಾರುವುದಿಲ್ಲ. ಮೊದಲು ಉಪ್ಪಿನಕಾಯಿ, ಹಪ್ಪಳದ ವಿಚಾರಣೆ. ದ್ರಾವಣದ ಸಕ್ಕರೆಯೂ ಮೈಗೆ ಸೇರುತ್ತದಲ್ವಾ, ಶುಗರ್ ಇರುವವರಿಗೆ ಅದು ಹೊರೆ. ಡಯಾಲಿಸಿಸ್ ಶುರುವಾಗಿ ಒಂದೂವರೆ ತಿಂಗಳಾದ ಮೇಲೆ, ಹೊಟ್ಟೆಯ ಪೊರೆ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ನಾಲ್ಕು ಗಂಟೆಯ ಪೆಟ್ ಪರೀಕ್ಷೆ ಮಾಡಿಸುತ್ತೇನೆ. ಕೆಲವರ ಹೊಟ್ಟೆಯ ಪೊರೆ ಸಕ್ಕರೆಯನ್ನು ಬೇಗ ಹೀರಿಬಿಡುತ್ತದೆ. ಅಂಥವರಿಗೆ ರಾತ್ರಿಯಿಡೀ ಹೊಟ್ಟೆಯಲ್ಲಿ ಬಿಟ್ಟ ದ್ರಾವಣದ ನೀರು ವಾಪಸ್ ಮೈಗೇ ಸೇರುತ್ತದೆ. ಅವರಿಗೆ ರಾತ್ರಿಯ ಬ್ಯಾಗ್ ಐಕೋಡೆಕ್ಸ್‌ಟ್ರಿನ್‌ದು, ಪೊರೆ ಅಷ್ಟು ಬೇಗ ಹೀರಿಕೊಳ್ಳದ ದ್ರಾವಣ. ಬೆಲೆ ಹೆಚ್ಚು, ಹಾಗಾಗಿ ಮನೆಯವರನ್ನು ಕೇಳಿಯೇ ಬರೆಯುತ್ತೇನೆ.

ಹೊರಬಂದ ನೀರು ಮಂಕಾಗಿ ಕಂಡರೆ ಮಾತ್ರ ಯೋಚನೆ ಮಾಡುತ್ತಾ ಕೂರುವಂತಿಲ್ಲ, ಹೊಟ್ಟೆಯಲ್ಲಿ ಸೋಂಕಾಗಿರಬಹುದು. ಬ್ಯಾಗ್ ಸಮೇತ ಅವತ್ತೇ ಬರಬೇಕು.

ಒಂದೂವರೆ ವರ್ಷದ ನಂತರ ಆ ಬೆಳೆಗಾರರ ಮೂತ್ರ 300 ಮಿಲಿಗೆ ಇಳಿಯಿತು. ನಾಲ್ಕನೇ ಬ್ಯಾಗ್ ಬರೆದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ತೋಟದ ಪಕ್ಕದ ಕೋಣೆಗೆ ಟೈಲ್ಸ್ ಹಾಕಿಸಿ, ಕೈತೊಳೆಯಲು ನಲ್ಲಿ ಇಡಿಸಿದ್ದಾರೆ. ಮಧ್ಯಾಹ್ನದ ಬ್ಯಾಗ್ ಈಗ ಅಲ್ಲೇ.