ಸಿಮ್ ರೂಟರಿನ ಇಂಟರ್‌ನೆಟ್ಟನ್ನು ಮನೆಯ ಲ್ಯಾನ್ ಕೇಬಲ್‌ಗೆ ಕೊಡುವುದು ಹೇಗೆ?

ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಮಲೆನಾಡಿನ ಒಂಟಿ ಮನೆಗಳವರು ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಅಂಥ ಕಡೆ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಒಳ್ಳೆಯ ಆಸರೆ. ಆದರೆ ಸಿಗ್ನಲ್ ಸಿಗುವುದು ಉಪ್ಪರಿಗೆಯ ಯಾವುದೋ ಒಂದು ಕಿಟಕಿಯಲ್ಲಿ. ಕಂಪ್ಯೂಟರ್, ಟಿವಿ, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಇರುವುದು ಕೆಳಗೆ. ಹಳೆಯ ಸಂಪರ್ಕಕ್ಕೆಂದು ಎಳೆದ, ಮನೆಯೊಳಗಿನ ಉಪಕರಣಗಳನ್ನು ಜೋಡಿಸುವ ಲ್ಯಾನ್ ಕೇಬಲ್ ಮತ್ತು ವೈಫೈ ರೂಟರ್ ಮನೆಯಲ್ಲಿದ್ದರೆ ಇವೆಲ್ಲವನ್ನೂ ಸೇರಿಸಿಕೊಳ್ಳಬಹುದು.

ಮೊದಲು ಜಾಗ ಹುಡುಕಬೇಕು. ಸಿಮ್ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಸಾಮಾನ್ಯವಾಗಿ ಸಿಗ್ನಲ್ಲಿನ ಬಲ ತೋರಿಸುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಇರುತ್ತದೆ. ಅದು ಮೈನಸ್ 80ರ ಆಸುಪಾಸಿನಲ್ಲಿದ್ದರೆ ಸಿಗ್ನಲ್ ಗಟ್ಟಿಯಾಗಿದೆ ಎಂದರ್ಥ. ಮೈನಸ್ 110ಕ್ಕಿಂತ ಕೆಳಗಿಳಿದರೆ ಸಂಪರ್ಕ ಕುಂಟತೊಡಗುತ್ತದೆ. ಒಂದೊಂದು ಕಿಟಕಿಯಲ್ಲೂ ಕೆಲವು ನಿಮಿಷ ಇಟ್ಟು ನೋಡಿ. ಒಳ್ಳೆಯ ತಾಮ್ರದ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುವುದರಿಂದ, ಕಂಪ್ಯೂಟರಿಗೆ ಹತ್ತಿರವಾಗಲೆಂದು ರೂಟರನ್ನು ಸಿಗ್ನಲ್ ಇಲ್ಲದ ಕೋಣೆಗೆ ತರುವ ಅಗತ್ಯವಿಲ್ಲ.

ಇನ್ನು ಮುಖ್ಯವಾದ ಭಾಗ. ಮನೆಯ ಪ್ರತಿ ಉಪಕರಣಕ್ಕೂ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡುವ ಕೆಲಸವನ್ನು ಡಿಎಚ್‌ಸಿಪಿ ಎನ್ನುತ್ತಾರೆ. ಒಂದೇ ಜಾಲದಲ್ಲಿ ಎರಡು ರೂಟರುಗಳು ಈ ಕೆಲಸಕ್ಕೆ ನಿಂತರೆ ಒಂದು ಫೋನಿಗೆ ಇಂಟರ್‌ನೆಟ್ ಬರುತ್ತದೆ, ಪಕ್ಕದ ಫೋನಿಗೆ ಬರುವುದಿಲ್ಲ. ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕಷ್ಟವಾಗುತ್ತದೆ. ಆದ್ದರಿಂದ ಎರಡನ್ನೂ ಜೋಡಿಸುವ ಮೊದಲೇ ಹಳೆಯ ರೂಟರಿಗೆ ಕಂಪ್ಯೂಟರನ್ನು ಕೇಬಲ್ ಮೂಲಕ ಸೇರಿಸಿ, ರೂಟರಿನ ಸೆಟ್ಟಿಂಗ್ ಪುಟ ತೆರೆದು, ರೂಟರಿನ ವಿಳಾಸ 192.168.1.1 ಆಗಿದ್ದರೆ 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿಯನ್ನು ಆಫ್ ಮಾಡಿ. ಉಳಿಸಿದ ಕೂಡಲೇ ಪುಟ ಕೈತಪ್ಪುವುದು ಸಹಜ, ಗಾಬರಿ ಬೇಡ.

ಬಳಿಕ ಸಿಮ್ ರೂಟರಿಗೆ ಹಳೆಯದರ 192.168.1.1 ಎಂಬ ವಿಳಾಸವನ್ನೇ ಕೊಡಿ. ಡಿವಿಆರ್, ಪ್ರಿಂಟರ್‌ಗಳಲ್ಲಿ ಈ ಹಿಂದೆ ಕೈಯಾರೆ ತುಂಬಿದ ಗೇಟ್‌ವೇ ವಿಳಾಸ (ಇಂಟರ್‌ನೆಟ್ಟಿಗೆ ದಾರಿಯಾಗುವ ರೂಟರಿನ ವಿಳಾಸ) ಹಾಗೆಯೇ ನಡೆಯುತ್ತದೆ. ಡಿಎಚ್‌ಸಿಪಿ ಹಂಚುವ ವಿಳಾಸಗಳ ಕೊನೆಯ ಸಂಖ್ಯೆಯನ್ನು 100ರಿಂದ 199ರವರೆಗೆ ಇಟ್ಟರೆ ಹಳೆಯ ರೂಟರಿನ 2 ಎಂಬ ಸಂಖ್ಯೆಗೆ ಅದು ಅಡ್ಡ ಬರುವುದಿಲ್ಲ. ಕೈಯಾರೆ ಕೊಟ್ಟ ಬೇರೆ ವಿಳಾಸಗಳು ಆ ಸಾಲಿನಲ್ಲಿದ್ದರೆ ಸಾಲನ್ನೇ ಸರಿಸಿ.

ಈಗ ಸಿಮ್ ರೂಟರಿನ ಲ್ಯಾನ್ ಪೋರ್ಟಿನಿಂದ ಹಳೆಯ ರೂಟರಿನ ಲ್ಯಾನ್ ಪೋರ್ಟಿಗೇ ಕೇಬಲ್ ಹಾಕಿ. ಹೊರಗಿನ ಇಂಟರ್‌ನೆಟ್ ಕೇಬಲ್ ಹಾಕುವ, ಬಣ್ಣ ಬೇರೆಯಿರುವ ವ್ಯಾನ್ ಪೋರ್ಟ್ ಖಾಲಿಯಿರಲಿ. ಸಿಮ್ ರೂಟರಿನಲ್ಲಿ ಎರಡಕ್ಕೂ ಒಂದೇ ಪೋರ್ಟ್ ಇದ್ದರೆ ಸೆಟ್ಟಿಂಗಿನಲ್ಲಿ ಅದನ್ನು ಲ್ಯಾನ್ ಎಂದು ಆರಿಸಿ. ಕೆಳಗಿನ ಉಪಕರಣಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ವಿಳಾಸ ಪಡೆದುಕೊಳ್ಳುತ್ತವೆ.

ಹೊರಗಿನಿಂದ ಕ್ಯಾಮೆರಾ ನೋಡುವವರು ಗಮನಿಸಬೇಕು: ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ, ಹೊರಗಿನಿಂದ ಬಂದ ಕರೆಯನ್ನು ರೂಟರ್ ನೇರ ಡಿವಿಆರಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ. ಡಿವಿಆರ್ ತಯಾರಕರ ಕ್ಲೌಡ್ ಆ್ಯಪ್ ಬಳಸಬೇಕಾಗುತ್ತದೆ.

ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ತಾಮ್ರದ ಲ್ಯಾನ್ ಕೇಬಲ್‌ನಲ್ಲಿ ಹರಿಯುತ್ತದೆ. ಸಿಡಿಲಿನ ವಿದ್ಯುತ್ತೂ ಅದರ ಮೂಲಕ ಬರಬಹುದಾದ್ದರಿಂದ ಲ್ಯಾನ್ ಕೇಬಲನ್ನು ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ಬಯಲಿನಲ್ಲಿ ಎಳೆಯಬೇಡಿ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಅಡಾಪ್ಟರ್ ಮತ್ತು ಕೇಬಲ್ ಎರಡನ್ನೂ ಕಿತ್ತಿಡಿ.