ಎಷ್ಟು ವರ್ಷ ಉಳಿದಿದೆ? ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ ಬೇಸ್‌ಬಾಲ್ ಚಳಿಗಾಲ

ಡಿಸೆಂಬರ್ ಮೊದಲ ವಾರ. ಆಫೀಸಿನಲ್ಲಿ ಊಟದ ಹೊತ್ತು. ನೀವು ಚಿತ್ರಾನ್ನದ ಡಬ್ಬಿ ತೆಗೆದಿದ್ದೀರಿ. ಎದುರಿಗೆ ಕೂತ ಇಬ್ಬರು ಜೋರಾಗಿ ವಾದಕ್ಕೆ ಬಿದ್ದಿದ್ದಾರೆ. ಅವನಿಗೆ ಏಳು ವರ್ಷ ಕೊಟ್ಟಿದ್ದು ಹುಚ್ಚುತನ ಅಂತ ಒಬ್ಬರು. ಕೊಡದಿದ್ದರೆ ಅವನು ಈ ಊರಿಗೆ ಕಾಲೇ ಇಡುತ್ತಿರಲಿಲ್ಲ ಅಂತ ಇನ್ನೊಬ್ಬರು. ಬೇಸ್‌ಬಾಲ್ ಅನ್ನುವುದೇನೋ ಗೊತ್ತಾಗುತ್ತದೆ. ಆದರೆ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಮುಗಿದು ತಿಂಗಳಾಯಿತು. ಮುಂದಿನ ಸೀಸನ್ ಶುರುವಾಗುವುದು ಮಾರ್ಚ್ ಕೊನೆಗೆ. ಆಟವೇ ಇಲ್ಲದಾಗ ಇಷ್ಟು ಮಾತು ಯಾಕೆ?

ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ ಸುಮ್ನೆ ತಲೆಯಾಡಿಸುತ್ತಾ ಕೂತಿರುತ್ತಿದ್ದೆ. ಆಮೇಲೆ ತಿಳಿಯಿತು, ಇಲ್ಲಿನ ಎಷ್ಟೋ ಜನಕ್ಕೆ ಆಟಕ್ಕಿಂತ ಈ ಮಾತೇ ಹೆಚ್ಚು ರುಚಿ. ಇದಕ್ಕೆ ಹಾಟ್ ಸ್ಟೋವ್ ಅಂತ ಹೆಸರೇ ಇದೆ. ಹಿಂದೆ ಚಳಿಗಾಲದಲ್ಲಿ ಅಂಗಡಿಯ ಒಲೆ ಸುತ್ತ ಕೂತು ಬೇಸ್‌ಬಾಲ್ ಮಾತಾಡುತ್ತಿದ್ದರಂತೆ. ಮಲೆನಾಡಿನಲ್ಲಿ ಮಳೆ ಹಿಡಿದಾಗ ಬಚ್ಚಲೊಲೆ ಮುಂದೆ ಕೈ ಕಾಯಿಸುತ್ತಾ ಊರಿನವರ ಲೆಕ್ಕವನ್ನೆಲ್ಲ ತೆಗೆಯುತ್ತಾರಲ್ಲ, ಹಾಗೆ.

ನಮ್ಮವರು ಇದನ್ನು ಐಪಿಎಲ್ ಹರಾಜಿನ ಕಣ್ಣಿನಿಂದ ನೋಡಿ ಎಡವುತ್ತಾರೆ. ಐಪಿಎಲ್‌ನಲ್ಲಿ ಮೆಗಾ ಹರಾಜು ಬಂತೆಂದರೆ ಹಳೆಯ ಲೆಕ್ಕ ಹೆಚ್ಚುಕಡಿಮೆ ತೊಳೆದುಹೋಗುತ್ತದೆ. 2025ರ ಸೀಸನ್ನಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡಿದ್ದು ಕೊಹ್ಲಿ, ಪಾಟಿದಾರ್, ಯಶ್ ದಯಾಳ್ ಮೂವರನ್ನು ಮಾತ್ರ. ಸಿರಾಜ್‌ನನ್ನು ಬಿಟ್ಟಿದ್ದಕ್ಕೆ ಎಷ್ಟು ಮನೆಗಳಲ್ಲಿ ಬೈಗುಳ ಬಿತ್ತೋ! ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವರ ಪಾಲಿಗೆ ಆಟಗಾರ. ತನಗೆ ಯಾವ ಊರು ಬೇಕು ಅಂತ ಅವನು ಅಲ್ಲಿ ಹೇಳುವ ಹಾಗಿಲ್ಲ.

ಇಲ್ಲಿ ಹರಾಜೂ ಇಲ್ಲ, ತೊಳೆಯುವುದೂ ಇಲ್ಲ. ಇಲ್ಲಿ ನಡೆಯುವುದು ವರ್ಷಗಳ ವ್ಯಾಪಾರ. ಯಾವುದೇ ಆಟಗಾರನ ಹೆಸರು ಕೇಳಿಬಂದರೆ, ಅವನು ಎಷ್ಟು ಚೆನ್ನಾಗಿ ಆಡುತ್ತಾನೆ ಅಂತ ಕೇಳುವ ಮೊದಲು, ಅವನ ಮೇಲೆ ತಂಡಕ್ಕೆ ಎಷ್ಟು ವರ್ಷ ಹಕ್ಕು ಉಳಿದಿದೆ ಅಂತ ಕೇಳಿ. ಅರ್ಧ ಜಗಳ ಅಲ್ಲೇ ಅರ್ಥವಾಗುತ್ತದೆ.

ಲೆಕ್ಕ ಹೀಗಿದೆ. ಮೇಜರ್ ಲೀಗ್, ಅಂದರೆ ಬೇಸ್‌ಬಾಲ್‌ನ ಅತಿ ಮೇಲಿನ ಲೀಗಿನಲ್ಲಿ ಆರು ವರ್ಷದ ಸೇವೆ ತುಂಬುವ ತನಕ ಆಟಗಾರ ತಂಡದ ಕೈಯಲ್ಲಿ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಸಿಗುವುದು ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7,60,000 ಡಾಲರ್ ಇತ್ತು. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್. ಆಟಗಾರ ಒಂದು ಅಂಕಿ ಹೇಳುತ್ತಾನೆ, ತಂಡ ಒಂದು ಹೇಳುತ್ತದೆ. ಒಪ್ಪಂದ ಆಗದಿದ್ದರೆ ಮೂವರು ಪಂಚರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ರೇಟು ಅನ್ನುವುದೇ ಇಲ್ಲ. ಕೆ.ಆರ್. ಮಾರ್ಕೆಟ್ಟಿನ ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಆರು ತುಂಬಿ ಒಪ್ಪಂದವೂ ಮುಗಿದಿದ್ದರೆ ಅವನು ಫ್ರೀ ಏಜೆಂಟ್. ಬೇಕಾದ ಕಡೆ ಹೋಗಬಹುದು.

ಆರು ವರ್ಷ ಅಂದ ಕೂಡಲೇ ನಮ್ಮವರಿಗೆ ಎಚ್-1ಬಿ ನೆನಪಾಗುತ್ತದೆ, ಅಲ್ವಾ? ಸುಮ್ನೆ ನಗಬೇಡಿ, ಹೋಲಿಕೆ ಇನ್ನೂ ಇದೆ. ನಾವು ಊರಿಗೆ ಹೋಗಿ ಬಂದ ದಿನಗಳನ್ನೆಲ್ಲ ಎಣಿಸಿ ವೀಸಾ ಲೆಕ್ಕ ಹಾಕುವ ಹಾಗೆಯೇ ಇವರೂ ದಿನ ಎಣಿಸುತ್ತಾರೆ. ಸೀಸನ್ ಸುಮಾರು 187 ದಿನ. ಅದರಲ್ಲಿ 172 ದಿನ ತಂಡದಲ್ಲಿದ್ದರೆ ಒಂದು ಪೂರ್ತಿ ವರ್ಷ. 171 ಆದರೆ ಇಲ್ಲ.

171ಕ್ಕೆ ಸಿಕ್ಕಿಬಿದ್ದವನು ಕ್ರಿಸ್ ಬ್ರಯಂಟ್. 2015ರಲ್ಲಿ ಶಿಕಾಗೋ ಕಬ್ಸ್ ತಂಡ ಅವನನ್ನು ಸೀಸನ್ ಶುರುವಿನಲ್ಲಿ ಕೆಳಗಿನ ಲೀಗಿನಲ್ಲಿ ಇಟ್ಟು, ಏಪ್ರಿಲ್ 17ಕ್ಕೆ ಮೇಲೆ ಕರೆಯಿತು. ಫೀಲ್ಡಿಂಗ್ ಇನ್ನೂ ಪಳಗಬೇಕು ಅನ್ನುವುದು ತಂಡದ ಕಾರಣ. ಯಾರೂ ನಂಬಲಿಲ್ಲ. ಆ ವರ್ಷ ಅವನೇ ಅತ್ಯುತ್ತಮ ಹೊಸ ಆಟಗಾರ. ಒಂದು ದಿನ ಕಮ್ಮಿ ಬಿದ್ದಿದ್ದರಿಂದ ಕಬ್ಸ್‌ಗೆ ಅವನ ಮೇಲೆ ಇನ್ನೊಂದು ವರ್ಷದ ಹಕ್ಕು ಸಿಕ್ಕಿತು. ಅವನು ದೂರು ಕೊಟ್ಟ, 2020ರಲ್ಲಿ ಸೋತ. ಮುಂದಿನ ವರ್ಷ ಜುಲೈನಲ್ಲಿ ಕಬ್ಸ್ ಅವನನ್ನು ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಟ್ರೇಡ್ ಮಾಡಿ ಇಬ್ಬರು ಹುಡುಗರನ್ನು ತೆಗೆದುಕೊಂಡಿತು. ಅಂದರೆ ಕಬ್ಸ್ ಮಾರಿದ್ದು ಆ ಒಂದು ದಿನ ಗಿಟ್ಟಿಸಿಕೊಟ್ಟ ವರ್ಷವನ್ನು. ಜೈಂಟ್ಸ್ ಆ ವರ್ಷ 107 ಪಂದ್ಯ ಗೆದ್ದಿತು.

ಈ ಆರು ವರ್ಷವೂ ಸುಮ್ನೆ ಬಂದಿದ್ದಲ್ಲ. ಮೊದಲು ಬಿಡುಗಡೆ ಅನ್ನುವುದೇ ಇರಲಿಲ್ಲ. ತಂಡ ಬೇಕೆಂದಷ್ಟು ವರ್ಷ ಆಟಗಾರ ಅದರ ಸ್ವತ್ತು. ಓಕ್ಲೆಂಡಿನಲ್ಲಿ ಬೆಳೆದ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಸೇಂಟ್ ಲೂಯಿಸ್ ತಂಡ ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿದಾಗ ಅವನು ಹೋಗಲ್ಲ ಅಂದ. ನಾನು ಕೊಂಡು ಮಾರುವ ವಸ್ತುವಲ್ಲ ಅಂತ ಬರೆದು, ಕೇಸ್ ಹಾಕಿ, ಸುಪ್ರೀಂ ಕೋರ್ಟಿನ ತನಕ ಹೋದ. 1972ರಲ್ಲಿ 5-3ರಿಂದ ಸೋತ. ಅವನ ಆಟವೂ ಅಲ್ಲಿಗೆ ಮುಗಿದ ಹಾಗಾಯಿತು. ಬಾಗಿಲು ತೆರೆದಿದ್ದು 1975ರ ಡಿಸೆಂಬರಿನಲ್ಲಿ, ಇನ್ನಿಬ್ಬರು ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ದೂರಿನ ಮೇಲೆ ಬಂದ ಪಂಚಾಯ್ತಿ ತೀರ್ಪಿನಿಂದ. ಆಟಗಾರರಿಗೆ ಇಷ್ಟೊಂದು ದುಡ್ಡಾ ಅಂತ ಯಾರಾದರೂ ಗೊಣಗಿದರೆ ನನಗೆ ಫ್ಲಡ್ ನೆನಪಾಗುತ್ತಾನೆ.

ಈಗ ಬಿಡುಗಡೆಯಾದವರ ವಿಷಯ. ಫ್ರೀ ಏಜೆಂಟ್ ತಂಡವನ್ನು ಆರಿಸುತ್ತಾನೆ, ತಂಡ ಅವನನ್ನಲ್ಲ. ಜೈಂಟ್ಸ್ ಅಭಿಮಾನಿಗಳ ಹಳೆಯ ಗಾಯವೇ ಇದು. 2019ರಲ್ಲಿ ಬ್ರೈಸ್ ಹಾರ್ಪರ್‌ಗೆ ದೊಡ್ಡ ಮೊತ್ತ ಮುಂದಿಟ್ಟರು. ಅವನು 13 ವರ್ಷ, 33 ಕೋಟಿ ಡಾಲರಿಗೆ ಫಿಲಡೆಲ್ಫಿಯಾಕ್ಕೆ ಹೋದ. ಅದಕ್ಕೂ ಮುಂಚೆ, 2017ರಲ್ಲಿ, ಜಿಯಾನ್ಕಾರ್ಲೊ ಸ್ಟಾಂಟನ್‌ನನ್ನು ಜೈಂಟ್ಸ್‌ಗೆ ಕಳಿಸುವ ಟ್ರೇಡ್‌ಗೆ ಎರಡೂ ತಂಡ ಒಪ್ಪಿದ್ದವು. ಅವನ ಒಪ್ಪಂದದಲ್ಲಿ ನೋ-ಟ್ರೇಡ್ ಷರತ್ತು ಇತ್ತು. ಆಗಲ್ಲ ಅಂದ, ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ. ಷರತ್ತಿಲ್ಲದವನಿಗೂ ಹತ್ತು ವರ್ಷ ಸೇವೆಯಾಗಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದರೆ ಟ್ರೇಡ್ ಬೇಡ ಅನ್ನುವ ಹಕ್ಕು ತಾನಾಗಿ ಬರುತ್ತದೆ.

2022ರ ಡಿಸೆಂಬರನ್ನು ಮಾತ್ರ ಇಲ್ಲಿನವರ ಮುಂದೆ ನೋಡಿಕೊಂಡು ಎತ್ತಿ. ಆರನೇ ತಾರೀಖು ಜಾನ್ ಹೇಮನ್ ಅನ್ನುವ ಹೆಸರಾಂತ ವರದಿಗಾರರು ಫ್ರೀ ಏಜೆಂಟ್ ಆಗಿದ್ದ ಯಾಂಕೀಸ್‌ನ ಆರನ್ ಜಡ್ಜ್ ಜೈಂಟ್ಸ್ ಕಡೆ ಬರುವ ಹಾಗಿದೆ ಅಂತ ಟ್ವೀಟ್ ಮಾಡಿದರು. ಅವಸರಕ್ಕೆ ಆರನ್ ಹೋಗಿ ಆರ್ಸನ್ ಆಗಿತ್ತು, ಅಂದರೆ ಬೆಂಕಿ ಇಡುವುದು! ಜಡ್ಜ್ ಬೆಳೆದಿದ್ದು ಇಲ್ಲೇ ಸ್ಟಾಕ್ಟನ್ ಹತ್ತಿರದ ಲಿಂಡನ್‌ನಲ್ಲಿ, ಚಿಕ್ಕಂದಿನಲ್ಲಿ ಜೈಂಟ್ಸ್ ಅಭಿಮಾನಿ. ಹುಡುಗ ಮನೆಗೆ ಬಂದ ಅಂತ ಜನ ಕುಣಿದಾಡಿದರು. ಕೆಲವೇ ನಿಮಿಷದಲ್ಲಿ ಟ್ವೀಟ್ ಹೋಯಿತು. ಮರುದಿನ ಅವನು 9 ವರ್ಷ, 36 ಕೋಟಿಗೆ ಯಾಂಕೀಸ್‌ನಲ್ಲೇ ಉಳಿದ ಸುದ್ದಿ.

ಒಂದು ವಾರ ಕಳೆಯಿತು. ಕಾರ್ಲೊಸ್ ಕೊರಿಯಾ ಅನ್ನುವ ಇನ್ನೊಬ್ಬ ಫ್ರೀ ಏಜೆಂಟ್ ಜೈಂಟ್ಸ್‌ಗೆ ಬರಲು ಒಪ್ಪಿದ, 13 ವರ್ಷ, 35 ಕೋಟಿ. ಊರಿಗೆ ಬಂದಿಳಿದ. 20ನೇ ತಾರೀಖು ಪತ್ರಿಕಾಗೋಷ್ಠಿ ಇತ್ತು. ಅವತ್ತೇ ಬೆಳಗ್ಗೆ ತಂಡ ಅದನ್ನು ಮುಂದಕ್ಕೆ ಹಾಕಿತು. ಮೆಡಿಕಲ್‌ನಲ್ಲಿ ಕಾಲಿನ ಹಳೆಯ ಏಟೊಂದು ಕಣ್ಣಿಗೆ ಬಿದ್ದಿತ್ತು. ಛತ್ರ ಬುಕ್ಕಾಗಿ, ಗಂಡಿನ ಕಡೆಯವರು ಬಂದಿಳಿದ ಮೇಲೆ ಮದುವೆ ನಿಂತ ಹಾಗೆ. ರಾತ್ರೋರಾತ್ರಿ ನ್ಯೂಯಾರ್ಕ್ ಮೆಟ್ಸ್ 12 ವರ್ಷ, 31.5 ಕೋಟಿ ಅಂತ ಹೊತ್ತೊಯ್ದಿತು. ಅಲ್ಲಿನ ಡಾಕ್ಟರೂ ಅದೇ ಕಾಲು ನೋಡಿದರು. ಕೊನೆಗೆ ಜನವರಿಯಲ್ಲಿ ಹಳೆಯ ತಂಡ ಮಿನೆಸೋಟಕ್ಕೇ 6 ವರ್ಷ, 20 ಕೋಟಿಗೆ ವಾಪಸ್. 2025ರ ಜುಲೈನಲ್ಲಿ ಮಿನೆಸೋಟ ಅವನ ಸಂಬಳಕ್ಕೆ ತಾನೇ 3.3 ಕೋಟಿ ಡಾಲರ್ ಕೈಯಿಂದ ಹಾಕಿ ಹ್ಯೂಸ್ಟನ್‌ಗೆ ಕಳಿಸಿತು. ಆದ್ದರಿಂದ ಡೀಲ್ ಆಯ್ತು ಅಂತ ಯಾರಾದರೂ ಕುಣಿದರೆ, ಮೆಡಿಕಲ್ ಆಯ್ತಾ ಅಂತ ಕೇಳಿ. ಇಲ್ಲಿ ಸಹಿ ಬಿದ್ದ ಮೇಲೆ ಕಾಲು ಮುರಿದರೂ ಸಂಬಳ ಪೂರ್ತಿ ಕೊಡಬೇಕು. ಅದಕ್ಕೇ ಆ ಪರೀಕ್ಷೆ ಅಷ್ಟು ಕಟ್ಟುನಿಟ್ಟು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಐಪಿಎಲ್ ಪರ್ಸ್‌ನ ಹಾಗೆ ಇಲ್ಲಿ ತಂಡದ ಒಟ್ಟು ಸಂಬಳಕ್ಕೆ ಮೇಲ್ಮಿತಿ ಇಲ್ಲ, ಒಂದು ಗೆರೆ ಇದೆ. 2025ರಲ್ಲಿ ಅದು 24.1 ಕೋಟಿ ಡಾಲರ್. ದಾಟಿದರೆ ಹೆಚ್ಚುವರಿ ಖರ್ಚಿನ ಮೇಲೆ ಮೊದಲ ಸಲ 20 ಪರ್ಸೆಂಟ್ ತೆರಿಗೆ, ಸತತವಾಗಿ ದಾಟಿದರೆ 30, ಆಮೇಲೆ 50. ಇನ್ನೂ ಮೇಲೆ ಹೋದರೆ ಅದಕ್ಕೂ ಮೇಲೊಂದಿಷ್ಟು. 2024ರಲ್ಲಿ ಜೈಂಟ್ಸ್ ಕೂಡ ಆಗಿನ ಗೆರೆ ದಾಟಿತು. ತೆರಿಗೆ ಕಟ್ಟಿ ಗೆದ್ದಿದ್ದು 162ರಲ್ಲಿ 80 ಪಂದ್ಯ. ಆ ವರ್ಷ ಲಂಚ್ ಟೇಬಲ್ಲಿನಲ್ಲಿ ಕೂರುವುದೇ ಕಷ್ಟವಾಗಿತ್ತು. ನಮ್ಮ ಹಳೆಯ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಆಟಗಾರ ಓಟಾನಿಯ ಲೆಕ್ಕ ಬೇರೆ ಥರ. 10 ವರ್ಷಕ್ಕೆ 70 ಕೋಟಿ ಡಾಲರ್, ಆದರೆ ಈಗ ತೆಗೆದುಕೊಳ್ಳುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿ 2034ರಿಂದ 2043ರ ತನಕ ಬರುತ್ತದೆ. ಕಂಪನಿ ಕೊಟ್ಟ ಷೇರು (ಆರ್‌ಎಸ್‌ಯು) ಪೂರ್ತಿ ಕೈಗೆ ಬರಲಿ ಅಂತ ನಾಲ್ಕು ವರ್ಷ ಕಾಯುವುದಕ್ಕೇ ನಮಗೆ ನಿದ್ದೆ ಬರುವುದಿಲ್ಲ.

ಫ್ರೀ ಏಜೆಂಟ್ ತರುವುದಕ್ಕೆ ದುಡ್ಡಲ್ಲದೆ ಇನ್ನೊಂದು ಬೆಲೆಯೂ ಇದೆ. ಹಳೆಯ ತಂಡ ಅವನಿಗೆ ಕ್ವಾಲಿಫೈಯಿಂಗ್ ಆಫರ್ ಅನ್ನುವ ಒಂದು ವರ್ಷದ ಒಪ್ಪಂದ ಕೊಡಬಹುದು. ಅವನು ಅದನ್ನು ಬೇಡವೆಂದು ಹೊರಬಂದರೆ, ಅವನನ್ನು ತಂದ ತಂಡ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಲ್ಲಿ, ತನ್ನ ಸರದಿ ಕಳೆದುಕೊಳ್ಳುತ್ತದೆ. 2024ರ ಡಿಸೆಂಬರಿನಲ್ಲಿ ಜೈಂಟ್ಸ್ ವಿಲ್ಲಿ ಅಡಾಮೆಸ್‌ನನ್ನು 7 ವರ್ಷ, 18.2 ಕೋಟಿಗೆ ತಂದಾಗ ಎರಡು ಸರದಿ ಹೋಯಿತು. ತಂದಿದ್ದು ಬಸ್ಟರ್ ಪೋಸಿ. 2010, 2012, 2014ರಲ್ಲಿ ಕಪ್ ಗೆದ್ದ ತಂಡದ ಕ್ಯಾಚರ್, ಆಗಷ್ಟೇ ತಂಡ ಕಟ್ಟುವ ಕುರ್ಚಿಗೆ ಬಂದಿದ್ದ. ಆದ್ದರಿಂದ ಬೈಗುಳ ಸ್ವಲ್ಪ ಕಮ್ಮಿ ಬಿತ್ತು.

ಜಗಳ ನಿಜವಾಗಿ ಕಾವೇರುವುದು ಟ್ರೇಡ್‌ನಲ್ಲಿ. ಅದರಲ್ಲಿ ನಿಮ್ಮ ಕೈಯಿಂದ ಏನೋ ಹೋಗುತ್ತದಲ್ಲ. 2025ರ ಜೂನ್ 15ಕ್ಕೆ ಜೈಂಟ್ಸ್ ಬಾಸ್ಟನ್‌ನಿಂದ ರಫಾಯೆಲ್ ಡೆವರ್ಸ್‌ನನ್ನು ತಂದಿತು. ಚಳಿಗಾಲದ ಟ್ರೇಡ್ ಅಲ್ಲ, ಆದರೆ ಬೀಜ ಬಿದ್ದಿದ್ದು ಚಳಿಗಾಲದಲ್ಲೇ. ಫೆಬ್ರವರಿಯಲ್ಲಿ ಬಾಸ್ಟನ್ ಅಲೆಕ್ಸ್ ಬ್ರೆಗ್ಮನ್ ಅನ್ನುವ ಫ್ರೀ ಏಜೆಂಟನ್ನು ತಂದು ಡೆವರ್ಸ್ ಫೀಲ್ಡಿಂಗ್ ಮಾಡುತ್ತಿದ್ದ ಮೂರನೇ ಬೇಸ್ ಜಾಗ ಅವನಿಗೆ ಕೊಟ್ಟಿತು. ಡೆವರ್ಸ್ ಮುನಿಸಿಕೊಂಡ. ಜೈಂಟ್ಸ್ ಅವನ 2033ರ ತನಕದ ಸಂಬಳವನ್ನೂ, ಅಂದರೆ 25 ಕೋಟಿಗೂ ಮೇಲೆ, ಹೊತ್ತುಕೊಂಡಿತು. ಪ್ರತಿಯಾಗಿ ಹೋದವರು ನಾಲ್ವರು. ಅವರಲ್ಲಿ ಕೈಲ್ ಹ್ಯಾರಿಸನ್ ಇಲ್ಲೇ ಬೆಳೆದ ಎಡಗೈ ಪಿಚರ್, ಕಾಂಕರ್ಡ್‌ನ ಸ್ಕೂಲಿನಲ್ಲಿ ಓದಿದವನು. ಜೇಮ್ಸ್ ಟಿಬ್ಸ್ 2024ರ ಡ್ರಾಫ್ಟಿನ ಮೊದಲ ಸುತ್ತಿನ ಹುಡುಗ.

ನನ್ನ ಟೀಮಿನ ಒಬ್ಬರಿಗೆ ಇದು ಪೋಸಿಯ ಜಾಣತನ. ಇಂಥ ಬ್ಯಾಟರ್ ಫ್ರೀ ಏಜೆಂಟ್ ಆಗಿ ನಮ್ಮ ಊರಿಗೆ ಬರೋದೇ ಇಲ್ಲ, ಹಾರ್ಪರ್, ಜಡ್ಜ್ ಎಲ್ಲ ನೋಡಿಯಾಯ್ತಲ್ಲ ಅನ್ನುತ್ತಾರೆ. ಪಕ್ಕದ ಕ್ಯೂಬಿನವರ ಲೆಕ್ಕ ಬೇರೆ. ಹ್ಯಾರಿಸನ್ ಮೇಲೆ ಅಗ್ಗದ ವರ್ಷಗಳು ಇನ್ನೂ ಇದ್ದವು, ಡೆವರ್ಸ್‌ನ ವರ್ಷಗಳೆಲ್ಲ ದುಬಾರಿ. ನಾನು ಮೊದಲಿನವರ ಕಡೆ. ಆದರೆ ಆರೇ ವಾರದಲ್ಲಿ ಬಾಸ್ಟನ್ ಆ ಟಿಬ್ಸ್‌ನನ್ನು ಡಾಡ್ಜರ್ಸ್‌ಗೆ ದಾಟಿಸಿದಾಗ ಎರಡು ದಿನ ನಾನೂ ಬಾಯಿ ತೆರೆಯಲಿಲ್ಲ. ಡೆವರ್ಸ್ ಬಂದ ಮೇಲೂ ಆ ಸೀಸನ್ ಮುಗಿದಿದ್ದು 81 ಗೆಲುವು, 81 ಸೋಲಿಗೆ.

ನೆನಪಿಡಬೇಕಾದ ದಿನಗಳು ಜಾಸ್ತಿ ಇಲ್ಲ. ನವೆಂಬರಿನಲ್ಲಿ ಫ್ರೀ ಏಜೆಂಟ್ ಬಾಗಿಲು ತೆರೆಯುತ್ತದೆ. ಡಿಸೆಂಬರ್ ಶುರುವಿನಲ್ಲಿ ಎಲ್ಲ ತಂಡದವರೂ ಏಜೆಂಟರೂ ಒಂದೇ ಹೋಟೆಲಿನಲ್ಲಿ ಸೇರುವ ವಿಂಟರ್ ಮೀಟಿಂಗ್ಸ್, ಗಾಳಿಸುದ್ದಿಯ ಜಾತ್ರೆ. ಫೆಬ್ರವರಿ ನಡುವೆ ಜೈಂಟ್ಸ್ ಪಿಚರ್‌ಗಳು ಅರಿಜೋನದ ಸ್ಕಾಟ್ಸ್‌ಡೇಲ್‌ಗೆ ಬಂದರೆ ಒಲೆ ಆರಿತು. ಈ ನಿಯಮಗಳ ಬಗ್ಗೆ ಮಾಲೀಕರಿಗೂ ಆಟಗಾರರಿಗೂ ಆಗಿರುವ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನದು 2021ರಲ್ಲಿ ಮುಗಿದಾಗ ಮಾಲೀಕರು ಬೀಗ ಹಾಕಿ 99 ದಿನ ಒಂದೂ ಟ್ರೇಡ್ ನಡೆಯಲಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಜೆರ್ಸಿ ಕೊಳ್ಳುವಾಗಲೂ ವರ್ಷ ನೋಡಿ. ಇದು ಅನುಭವದ ಮಾತು. ಮಗನಿಗೆ ಲೋಕಲ್ ಹುಡುಗ, ಎಲ್ಲಿಗೂ ಹೋಗಲ್ಲ ಅಂತ ಹ್ಯಾರಿಸನ್ ಹೆಸರಿನದು ಕೊಡಿಸಿದ್ದೆ. ಟ್ರೇಡ್ ಆದ ಸಂಜೆ ಅದನ್ನು ಹಾಕಿಕೊಂಡೇ ಊಟಕ್ಕೆ ಕೂತಿದ್ದ, ಒಂದು ಮಾತಾಡಲಿಲ್ಲ. ಈ ಸಲ ನಾನೇ ಹುಡುಕಿ ಮ್ಯಾಟ್ ಚಾಪ್ಮನ್‌ದು ಆರಿಸಿದೆ. ಅವನ ಒಪ್ಪಂದ 2030ರ ತನಕ ಇದೆ. ಅಷ್ಟು ವರ್ಷ ನನಗೆ ಈ ಸೈಜ್ ಆಗುತ್ತಾ ಅಪ್ಪ ಅಂತ ಕೇಳಿದ.